ಟೈಲರ್ ಮಾಸ್ಟರರ ಬಲಭುಜ

ಗಿರಾಕಿಯ ಗೂನು, ಡೊಳ್ಳುಹೊಟ್ಟೆ, ಒಂದೆಡೆ ಜೋತ ಹೆಗಲು ಎಲ್ಲವನ್ನೂ ಬಟ್ಟೆಯೊಳಗೆ ಮಾಯ ಮಾಡುತ್ತಿದ್ದ ಟೈಲರ್ ಮಾಸ್ಟರರು, ಸೃಷ್ಟಿಕರ್ತನ ತಪ್ಪು ತಿದ್ದಲೆಂದೇ ತಾವು ಹುಟ್ಟಿದ್ದೆಂದು ತಿಳಿದಿದ್ದರು. ಹೀಗಾಗಿ ತಮ್ಮದೇ ಬಲಭುಜದ ಹಿಂದೆ ಗಡ್ಡೆಯೊಂದು ಎದ್ದಾಗ ಡಾಕ್ಟರ ಹತ್ತಿರ ಹೋಗಲಿಲ್ಲ; ಅಂಗಿಯ ಎಡಭುಜಕ್ಕೆ ಹತ್ತಿ ತುಂಬಿ ಸರಿದೂಗಿಸಿದರು. ಗಡ್ಡೆ ಬೆಳೆದಂತೆ ಹತ್ತಿಯೂ ಬೆಳೆಯಿತು. ಬೀದಿಯವರು “ಮಾಸ್ಟ್ರು ಈಗೀಗ ಮೈಕೈ ತುಂಬ್ಕೊಂಡಿದ್ದಾರೆ” ಎಂದರೆ ಒಳಗೊಳಗೇ ಹಿಗ್ಗುತ್ತಿದ್ದರು.

ಬಟ್ಟೆ ಒಗೆಯಲು ಕೂತ ಹೆಂಡತಿಯ ಕೈಗೆ ಒಂದು ದಿನ ಗುಟ್ಟು ಸಿಕ್ಕಿಬಿತ್ತು.

“ಏನ್ರೀ ಇದು, ಒಂದೇ ಕಡೆ ದಿಂಬು?”

“ಇನ್ನೊಂದು ಕಡೆ ಸ್ವಂತದ್ದಿದೆ ಕಣೆ.”

ಆಕೆ ನಗಲಿಲ್ಲ. ಅಂಗಿ ಬಿಚ್ಚಿಸಿ ನೋಡಿದವಳು ಒದ್ದೆ ಕೈಯಲ್ಲೇ ಅವರನ್ನು ಆಸ್ಪತ್ರೆಗೆ ಹೊರಡಿಸಿದಳು.

ಸ್ಕ್ಯಾನ್ ನೋಡಿದ ಸರ್ಜನ್ ಹುಬ್ಬು ಗಂಟಿಕ್ಕಿದರು. “ಕೊಬ್ಬಿನ ಗಡ್ಡೆಯೇ. ಆದ್ರೆ ಮಾಮೂಲಿ ಗಡ್ಡೆಯಲ್ಲಿ ಇಷ್ಟೊಂದು ರಕ್ತನಾಳ ಇರಲ್ಲ. ಕ್ಯಾನ್ಸರ್ ಇದ್ರೂ ಇರಬಹುದು. ಸೂಜಿ ಹಾಕಿ ಚೂರು ತೆಗೆದು ನೋಡೋಣ.”

ವರದಿ ಬರುವ ತನಕ ಮಾಸ್ಟರರಿಗೆ ಕೈಕಾಲು ಆಡಲಿಲ್ಲ. ಯಾರದೋ ಕೋಟಿಗೆ ಎರಡೂ ಎಡತೋಳನ್ನೇ ಕತ್ತರಿಸಿಟ್ಟರು. ರಾತ್ರಿ ಊಟಕ್ಕೆ ಕೂತವರು ಅನ್ನ ಕಲಸುತ್ತಲೇ ಹೇಳಿದರು:

“ನಾನು ಹೋದ್ಮೇಲೆ ಈ ಮಷೀನ್ ಮಾತ್ರ ಮಾರ್ಬೇಡ ಕಣೆ.”

“ಬಾಯ್ಮುಚ್ಕೊಂಡು ಊಟ ಮಾಡಿ” ಎಂದು ಬೈದವಳು, ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತಳು.

ಕ್ಯಾನ್ಸರ್ ಅಲ್ಲವೆಂದು ವರದಿ ಬಂತು. “ಇದು ಕಂದು ಕೊಬ್ಬು. ಹಸುಗೂಸಿನ ಮೈ ಬೆಚ್ಚಗಿಡುವಂಥದ್ದು. ದೊಡ್ಡವರಲ್ಲಿ ಹೀಗೆ ಗಡ್ಡೆ ಕಟ್ಟೋದು ಬಹಳ ಅಪರೂಪ” ಎಂದರು ಸರ್ಜನ್.

“ಎಷ್ಟು ಅಪರೂಪ?” ಕೇಳುವಾಗ ಮಾಸ್ಟರರ ಎದೆ ತುಸು ಉಬ್ಬಿತು.

“ನಾನು ನೋಡಿದ್ರಲ್ಲಿ ನೀವೇ ಮೊದಲನೆಯವ್ರು. ಆದ್ರೆ ಕಂಕುಳಿಗೆ ಇಳಿದು ಕೈಯ ನರ ಒತ್ತುತ್ತಿದೆ. ಪೂರ್ತಿ ತೆಗೀಬೇಕು. ಬೆರಳಿಗೆ ಏನೂ ಆಗಲ್ಲ ಅಂತ ಮಾತು ಕೊಡಲಾರೆ.”

ಉಬ್ಬಿದ ಎದೆ ಹಾಗೇ ಇಳಿಯಿತು. ಕತ್ತರಿ ಹಿಡಿಯುವ ಕೈ ಅದು. ಬೇರೆ ವಿದ್ಯೆ ಅವರಿಗೆ ಬಾರದು.

ಆಪರೇಷನ್ ಮುಗಿಸಿ ಬಂದ ಸರ್ಜನ್, ಹೊರಗೆ ಕಾದಿದ್ದ ಹೆಂಡತಿಗೆ ಮೆಲ್ಲಗೆ ಹೇಳಿದರು: “ಗಡ್ಡೆ ಪೂರ್ತಿ ಬಂತಮ್ಮ. ನರಕ್ಕೆ ಪೆಟ್ಟಾಗಿದೆ. ಸರಿಹೋಗಬಹುದು, ತಿಂಗಳುಗಟ್ಟಲೆ ಕಾಯ್ಬೇಕು. ಸರಿಹೋಗದೆಯೂ ಇರಬಹುದು.”

ಮಾಸ್ಟರರಿಗೆ ಎಚ್ಚರವಾದ ಮೇಲೆ ಆಕೆ ಒಳಗೆ ಹೋಗಿ, ಮಂಚದ ಪಕ್ಕ ಕೂತು, ಅವರ ಬಲಗೈಯೊಳಗೆ ತನ್ನ ಕೈ ಇಟ್ಟಳು.

“ಗಟ್ಟಿಯಾಗಿ ಹಿಡೀರಿ, ನೋಡೋಣ.”

ಮಾಸ್ಟರರು ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿದರು. ಹಣೆಯಲ್ಲಿ ಬೆವರು ಮೂಡಿತು. ಬೆರಳು ಮಿಸುಕಲಿಲ್ಲ.

“ಹಿಡಿದ್ನೇನೇ?”

“ಹೂಂ. ಸ್ವಲ್ಪ ಸಡಿಲ ಬಿಡ್ರೀ, ನೋಯ್ತಿದೆ” ಎಂದಳು.