ಶನಿವಾರದ ಮಾತ್ರೆ

ಗೆಳೆಯರೇ, ಇವತ್ತು ಒಂಟಿಕೊಪ್ಪಲಿನ ನಮ್ಮ ಸೋದರತ್ತೆಯನ್ನು ಜಟಕಾದಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದೆ. ಅವರು ಸ್ತನದ ಕ್ಯಾನ್ಸರಿಗೆ ಹಾರ್ಮೋನ್ ಮಾತ್ರೆ ನುಂಗುತ್ತಿದ್ದಾರೆ. ಜೊತೆಗೆ ತಾವಾಗಿಯೇ ಬೆಳಗಿನ ನಡಿಗೆ, ಸೊಪ್ಪಿನ ಊಟ, ಶನಿವಾರದ ಉಪವಾಸ ಹಿಡಿದಿದ್ದಾರೆ. ಡಾಕ್ಟರು ಕೇಳಿ ಮೆಚ್ಚಿಕೊಂಡರು.

“ಮಾತ್ರೆ ತಪ್ಪಿಸ್ತಿಲ್ಲ ತಾನೇ?”

“ಶನಿವಾರ ಒಂದಿನ ನುಂಗಲ್ಲ ಡಾಕ್ಟ್ರೇ. ಉಪವಾಸ ಅಲ್ವೇ.”

“ಅವತ್ತು ಏನೂ ತಿನ್ನಲ್ವಾ?”

“ಫಲಾಹಾರ ಅಷ್ಟೆ. ಬಾಳೆಹಣ್ಣು, ಉಪ್ಪಿಟ್ಟು, ಕಾಫಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ನಡಿಗೆ, ಸೊಪ್ಪು ಎಲ್ಲಾ ಒಳ್ಳೇದೇ ಅಮ್ಮಾ. ಆದ್ರೆ ಗಡ್ಡೆ ಶನಿವಾರ ಉಪವಾಸ ಮಾಡಲ್ಲ.”

ಅತ್ತೆ, “ಹಾಗಾದ್ರೆ ಮಾತ್ರೇನೂ ಫಲಾಹಾರಕ್ಕೆ ಸೇರಿಸ್ಕೋತೀನಿ ಬಿಡಿ” ಎಂದರು.

ಸರಿಯೇ. ಉಪ್ಪಿಟ್ಟೇ ಹಣ್ಣಿನ ಲೆಕ್ಕಕ್ಕೆ ಬರುವಾಗ, ಮಾತ್ರೆ ಪಾಪ ಏನು ಮಾಡಿತ್ತು?