ಸೋಮವಾರದ ಗ್ರೀಸು

ಮೊನ್ನೆ ಪಕ್ಕದ ಮನೆಗೆ ಸುಣ್ಣ ಹೊಡೆಯುತ್ತಿದ್ದವನು ಉಳಿದ ನೀರನ್ನು ಹಿತ್ತಿಲಿಗೆ ಚೆಲ್ಲಿದ. ಅಲ್ಲಿ ಮಳೆಗೆ ನೆನೆದ ಭತ್ತದ ಹುಲ್ಲು ಕೊಳೆಯುತ್ತಿತ್ತು. ಬಿಸಿಲಿಗೆ ಅದರ ವಾಸನೆ ಎದ್ದದ್ದೇ ತಡ, ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಅದು ನಮ್ಮೂರ ಪೇಪರ್ ಮಿಲ್ಲಿನ ವಾಸನೆ. ಅದರ ಹಿಂದೆಯೇ ಎದುರುಮನೆ ದೊಡ್ಡಪ್ಪ...

ಮಿಲ್ಲು ಇದ್ದದ್ದು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ. ನಾನು ಹುಟ್ಟುವ ಮೊದಲು ಗುಂಡ್ಲುಪೇಟೆಯಾಚೆಯ ಮದ್ದೂರು ಕಾಡಿನಿಂದ ಲಾರಿಗಟ್ಟಲೆ ಬಿದಿರು ಬರುತ್ತಿತ್ತಂತೆ. ಕಾಡಿನ ಬಿದಿರು ನಿಂತ ಮೇಲೆ ಹುಲ್ಲು, ಕಬ್ಬಿನ ಸಿಪ್ಪೆ. ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ಅಂಗಡಿಯವರು ಬೆಲ್ಲ ಕಟ್ಟಿಕೊಡುವ ದಪ್ಪ ಕಂದು ಕಾಗದ ತೆಗೆಯುತ್ತಿದ್ದರು. ಊರಿನ ಅರ್ಧ ಮನೆಗಳಿಗೆ ಅದೇ ಅನ್ನ. ಬಾವಿ ನೀರು ಕೆಂಪಾದದ್ದೂ ಅದರಿಂದಲೇ, ಆದರೆ ದೊಡ್ಡಪ್ಪನ ಎದುರು ಹಾಗಂದು ಬದುಕಲು ಸಾಧ್ಯವಿರಲಿಲ್ಲ.

ಅವನು ಕಾಗದದ ಮಿಷನ್ನಿನ ಫಿಟ್ಟರ್. ಆಯುಧಪೂಜೆಗೆ ಮಿಷನ್ನಿನ ರೋಲರುಗಳಿಗೆ ಮೊಳಗಟ್ಟಲೆ ಹೂವು ಒಯ್ಯುತ್ತಿದ್ದ. "ನನ್ ಸವತಿಗೆ ಮುಡಿಸ್ಬುಟ್ಟು ಬಂದ್ಯಾ?" ಎಂದು ದೊಡ್ಡವ್ವ ಕೆಣಕುತ್ತಿದ್ದಳು. ಅವನಿಗೆ ನಾಚಿಕೆಯೇ ಆಗುತ್ತಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ಮಿಲ್ಲು ನಿಂತಿತು. ಅಂಗಡಿಗಳಿಗೆ ಪ್ಲಾಸ್ಟಿಕ್ ಕವರು ಬಂದಿತ್ತು, ನಮ್ಮ ಕಾಗದ ಯಾರಿಗೆ ಬೇಕು? "ಸದ್ಯಕ್ಕೆ ನಿಲ್ಲಿಸಿದ್ದೀವಿ" ಎಂದರು ಮಿಲ್ಲಿನ ಸಾಹುಕಾರರು. ಆ ಹಾಳು 'ಸದ್ಯಕ್ಕೆ' ದೊಡ್ಡಪ್ಪನನ್ನು ಹಿಡಿದುಕೊಂಡಿತು. ಉಳಿದವರು ಕರಿಕಲ್ಲಿನ ಕ್ವಾರಿಗೋ ಮೈಸೂರಿಗೋ ಹೋದರು. ನಂಜನಗೂಡಿನ ಫ್ಯಾಕ್ಟರಿಯಿಂದ ಕರೆ ಬಂದರೂ ಇವನು ಹೋಗಲಿಲ್ಲ. ದೊಡ್ಡವ್ವ ಚೆಂಡುಹೂವಿನ ಹೊಲಗಳಿಗೆ ಕೂಲಿಗೆ ಹೋಗಿ ಮನೆ ನಡೆಸಿದಳು.

ಇವನು ಪ್ರತಿ ಸೋಮವಾರ ಗ್ರೀಸಿನ ಡಬ್ಬಿ ಹಿಡಿದು ಮಿಲ್ಲಿಗೆ ಹೊರಡುತ್ತಿದ್ದ. ವಾಚ್‌ಮನ್ ಬೀಗ ತೆಗೆಯುತ್ತಿದ್ದ. ರೋಲರುಗಳಿಗೆ ಗ್ರೀಸು ಹಚ್ಚಿ, ಕೈಯಲ್ಲೇ ತಿರುಗಿಸಿ, ಗೋಣಿಚೀಲ ಹೊದಿಸಿ ಬರುತ್ತಿದ್ದ. "ಸುರುವಾದ ದಿವ್ಸ ಒಂದೇ ಏಟ್ಗೆ ತಿರುಗ್ಬೇಕು ಕಣಮ್ಮಿ" ಎನ್ನುತ್ತಿದ್ದ. ನಾನು ನಗುತ್ತಿದ್ದೆ. ವರ್ಷಗಳು ಕಳೆದವು, ನಗು ಬರುವುದು ನಿಂತಿತು...

ನಾನು ಕಾಲೇಜು ಮುಗಿಸಿದ ವರ್ಷ ತಮಿಳುನಾಡಿನ ಕಡೆಯಿಂದ ಕಾರಿನಲ್ಲಿ ಯಾರೋ ಬಂದರು. ಸಾಹುಕಾರರು ಪಾಲುದಾರರನ್ನು ಕರೆತಂದಿದ್ದಾರೆಂದು ದೊಡ್ಡಪ್ಪ ತಾನೇ ತೀರ್ಮಾನಿಸಿದ. ಒಗೆದ ಅಂಗಿ ಹಾಕಿಕೊಂಡು ಓಡಿದ. ಚೀಲಗಳನ್ನು ಸರಿಸಿ, ದೊಡ್ಡ ರೋಲರಿಗೆ ಅಂಗೈ ಕೊಟ್ಟು ದೂಡಿದನಂತೆ. ಸದ್ದಿಲ್ಲದೆ ಸುತ್ತಿತಂತೆ. ಬಂದವರು ಸಂತೋಷದಿಂದ ಅವನ ಬೆನ್ನು ತಟ್ಟಿದರಂತೆ. ಆ ಸಂಜೆ ಅವನು ನಮ್ಮ ಮನೆಯವರಿಗೆಲ್ಲ ಮೈಸೂರುಪಾಕು ತಂದುಕೊಟ್ಟ.

ಮರುವಾರ ಕ್ರೇನು ಬಂತು. ಅವರು ಬಂದದ್ದು ಮಿಷನ್ನನ್ನು ತಮ್ಮ ಮಿಲ್ಲಿಗೆ ಕೊಂಡೊಯ್ಯಲು. ತುಕ್ಕು ಹಿಡಿದಿದ್ದರೆ ಬೇಡವೆಂದು ವಾಪಸು ಹೋಗುತ್ತಿದ್ದರೆಂದು ವಾಚ್‌ಮನ್ ಆಮೇಲೆ ಹೇಳಿದ. ಬೇರೆ ಯಾರಿಗೆ ಹೇಳಿದ್ದರೂ ಆಗುತ್ತಿತ್ತು, ಅವನು ದೊಡ್ಡಪ್ಪನಿಗೇ ಹೇಳಿದ.

ಲಾರಿಗಳು ಹೋದ ಮೇಲೆ ದೊಡ್ಡಪ್ಪ ನಮ್ಮ ಜಗುಲಿಯಲ್ಲಿ ಕುಳಿತು ತನ್ನ ಅಂಗೈಗಳನ್ನೇ ನೋಡುತ್ತಿದ್ದ. "ಗ್ರೀಸು ಅಚ್ಚದೆ ಇದ್ದಿದ್ರೆ ಇಲ್ಲೇ ಇರ್ತಿತ್ತು ಕಣಮ್ಮಿ. ತುಕ್ಕು ಇಡ್ಕಂಡಾದ್ರೂ ಇಲ್ಲೇ ಇರ್ತಿತ್ತು." ಅವನು ಹೇಳಿದ್ದು ನಿಜವಾಗಿತ್ತು.

ಸೋಮವಾರ ಬಂತು. ಅವನು ಡಬ್ಬಿ ಹಿಡಿದು ಹೊರಟ. "ಓಗಿ ಕರ್ಕಂಡು ಬಾ ಮಗ" ಎಂದು ದೊಡ್ಡವ್ವ ನನ್ನನ್ನು ಹಿಂದೆಯೇ ಅಟ್ಟಿದಳು. ಮಿಲ್ಲಿನ ಒಳಗೆ ಬಯಲು. ಮಿಷನ್ನು ಕೂತಿದ್ದ ಕಾಂಕ್ರೀಟಿನಲ್ಲಿ ಬೋಲ್ಟುಗಳು ಮಾತ್ರ ತಲೆಯೆತ್ತಿದ್ದವು. ದೊಡ್ಡಪ್ಪ ಮಂಡಿಯೂರಿ ಒಂದೊಂದಕ್ಕೂ ಗ್ರೀಸು ಹಚ್ಚುತ್ತಿದ್ದ. "ಸಾಕು ಬಾ ದೊಡ್ಡಪ್ಪ" ಎಂದೆ. ಅವನಿಗೆ ಕೇಳಿಸಲಿಲ್ಲ. ನಾನು ಹೊರಗೆ ಬಂದು ಗೋಡೆಗೆ ಮುಖ ಕೊಟ್ಟು ಅತ್ತೆ...

ದೊಡ್ಡಪ್ಪ ಹೋಗಿ ಎಷ್ಟೋ ವರ್ಷಗಳಾದವು, ದೊಡ್ಡವ್ವನೂ ಇಲ್ಲ. ಮೊನ್ನೆ ಆ ವಾಸನೆ ಬಂದ ಮೇಲೆ ಮನೆಯಲ್ಲಿ ಕೂರಲಾಗದೆ ಬಸ್ಸು ಹತ್ತಿ ಮಿಲ್ಲಿಗೆ ಹೋದೆ. ಚಾವಣಿಯಿಲ್ಲ, ಲಾಂಟಾನ ಪೊದೆ ಬೆಳೆದಿದೆ. ಕೈಯಲ್ಲಿ ಸರಿಸಿದರೆ ಬೋಲ್ಟುಗಳು ಅಲ್ಲೇ ಇವೆ. ಒಂದನ್ನು ಮುಟ್ಟಿದೆ. ಬೆರಳಿಗೆ ಕೆಂಪು ತುಕ್ಕು ಹತ್ತಿತು. ಅದನ್ನು ಕಂಡು ನನಗೆ, ದೇವರೇ, ಒಂದು ಥರ ಸಮಾಧಾನವಾಯಿತು. ಇವನ್ನಂತೂ ಇನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ.