ಮಾಲ್ಟಾದ ನೀರಿನಲ್ಲಿ ನನ್ನ ಹೆಂಡತಿ

ನಾನು ಹೊಳವನಹಳ್ಳಿಯ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಮನೆ ಇರುವುದು ಮಧುಗಿರಿಯಲ್ಲಿ. ಮಕ್ಕಳಿಗೆ ಓಟ, ಖೋಖೋ, ಕಬಡ್ಡಿ ಹೇಳಿಕೊಟ್ಟು, ವರ್ಷಕ್ಕೊಂದು ಸಲ ಅವರನ್ನು ಬೆಟ್ಟ ಹತ್ತಿಸಿ ಇಳಿಸಿಕೊಂಡು ಬಂದು ಇಷ್ಟು ವರ್ಷ ಕಳೆದಿದ್ದೇನೆ. ಮೈ ಪಳಗಿಸುವ ವಿಷಯದಲ್ಲಿ ನಮ್ಮ ಮನೆಯಲ್ಲಿ ತಿಳಿದವನು ನಾನೊಬ್ಬನೇ ಎಂಬ ನಂಬಿಕೆ ನನಗಿತ್ತು. ಮಾಲ್ಟಾಕ್ಕೆ ಹೋಗುವವರೆಗೂ ಅದನ್ನು ಪರೀಕ್ಷಿಸುವ ಸಂದರ್ಭ ಬಂದಿರಲಿಲ್ಲ.

ಮಾಲ್ಟಾ ಎಂಬ ದೇಶವಿದೆ ಎಂದು ನಮಗೆ ಗೊತ್ತಾದದ್ದೇ ನನ್ನ ನಾದಿನಿಯಿಂದ. ಹೆಂಡತಿಯ ತಂಗಿ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸು, ಹೋಗಿ ಐದು ವರ್ಷವಾಗಿತ್ತು. ಇಟಲಿಯ ಕೆಳಗೆ ಸಮುದ್ರದ ನಡುವೆ ಇರುವ ಪುಟ್ಟ ದ್ವೀಪ, ನಮ್ಮ ಒಂದು ತಾಲ್ಲೂಕಿಗಿಂತಲೂ ಚಿಕ್ಕದು. ನಮ್ಮ ಮಗಳ ಮದುವೆಗೆ ರಜೆ ಸಿಗದೆ ಬರಲಾಗಲಿಲ್ಲವೆಂಬ ಬೇಸರ ಅವಳಿಗಿತ್ತು. ಅದಕ್ಕೆ ಬದಲಾಗಿ ಎಂಬಂತೆ, ಬೇಸಿಗೆ ರಜೆಯಲ್ಲಿ ಹತ್ತು ದಿನ ಇಬ್ಬರೂ ಬಂದು ಹೋಗಿ ಎಂದು ಹಟ ಹಿಡಿದಳು. ನಾವು ಬೆಂಗಳೂರಿಗೆ ಎರಡು ಸಲ ಓಡಾಡಿ ವೀಸಾ ಮಾಡಿಸಿಕೊಂಡೆವು. ಹೆಂಡತಿ ರಾಗಿಹಿಟ್ಟು, ಹುಚ್ಚೆಳ್ಳಿನ ಪುಡಿ, ಹುರಿದ ಕಡ್ಲೆಕಾಯಿ ಕಟ್ಟಿಕೊಂಡಳು. ನಾನು ಹೊಸ ಬೂಟು ತೆಗೆದುಕೊಂಡೆ.

ಮೊದಲ ಮೂರು ದಿನ ನಾದಿನಿ ನಮ್ಮನ್ನು ಊರೂರು ಸುತ್ತಿಸಿದಳು. ಎಲ್ಲ ಕಡೆ ಜೇನುಬಣ್ಣದ ಕಲ್ಲು. ಮನೆ, ಚರ್ಚು, ಕೋಟೆ, ಹೊಲದ ಬದು, ಎಲ್ಲವೂ ಅದೇ ಕಲ್ಲಿನದು. ಹೊಲಗಳ ಸುತ್ತ ಗಾರೆಯಿಲ್ಲದೆ ಬರೀ ಕಲ್ಲು ಜೋಡಿಸಿ ಕಟ್ಟಿದ ಗೋಡೆಗಳು, ಅವುಗಳ ಮೇಲೆ ಪಾಪಾಸುಕಳ್ಳಿ. ಮರ ಕಡಿಮೆ, ಬಿಸಿಲು ಜಾಸ್ತಿ. ಹಳೆಯ ರಾಜಧಾನಿಯಾಗಿದ್ದ ಒಂದು ಕೋಟೆಯೂರಿನ ಓಣಿಗಳಲ್ಲಿ ಅರ್ಧ ದಿನ ನಡೆದೆವು. ಬುರುಜಿನ ಮೇಲೆ ನಿಂತು, ಶತ್ರು ಎಲ್ಲಿಂದ ಬಂದರೆ ಎಲ್ಲಿ ಕಾಣುತ್ತಾನೆ ಎಂದು ನಾನು ವಿವರಿಸಿದೆ. ಹೆಂಡತಿ ಅದನ್ನು ಕೇಳುತ್ತಿರಲಿಲ್ಲ. ಅವಳು ದೂರದಲ್ಲಿ ಕಾಣುತ್ತಿದ್ದ ನೀಲಿ ಪಟ್ಟಿಯನ್ನು ನೋಡುತ್ತಿದ್ದಳು.

"ಏನಕ್ಕಾ, ಸುಸ್ತಾಯ್ತಾ?" ಎಂದು ನಾದಿನಿ ಕೇಳಿದಳು.

"ಇಲ್ಲ ಕಣಮ್ಮ. ಆ ನೀರಿನ್ ಅತ್ರಕ್ಕೆ ಯಾವತ್ತು ಕರ್ಕೊಂಡ್ ಓಗ್ತೀಯ?"

ನಾಲ್ಕನೆಯ ದಿನ ದೋಣಿಯಲ್ಲಿ ಹೋದೆವು. ನಲವತ್ತು ಜನ ಕೂರುವ ದೋಣಿ. ದಡದ ಗುಹೆಗಳನ್ನೆಲ್ಲ ತೋರಿಸಿ, ಪಕ್ಕದ ಚಿಕ್ಕ ದ್ವೀಪದ ಬಳಿ ಒಂದು ಕೊಲ್ಲಿಯಲ್ಲಿ ಲಂಗರು ಹಾಕುತ್ತಾರೆ. ಅಲ್ಲಿ ನೀರು ತಿಳಿ ಹಸಿರು. ತಳದ ಬಿಳಿ ಮರಳು, ಅದರ ಮೇಲೆ ಬಿದ್ದ ನಮ್ಮ ದೋಣಿಯ ನೆರಳು ಎಲ್ಲ ಕಾಣುತ್ತಿತ್ತು. ಆಳ ಎಷ್ಟಿರಬಹುದೆಂದು ಅಂದಾಜು ಮಾಡಲು ನೋಡಿದೆ, ಆಗಲಿಲ್ಲ. ದೋಣಿಯವನು, ಬಿಸಿಲಿಗೆ ಕೆಂಪಾದ ಮುಖದ ಮುದುಕ, ಒಂದು ಗಂಟೆ ಸಮಯವಿದೆ, ಇಳಿಯುವವರು ಇಳಿಯಬಹುದು ಎಂದು ಇಂಗ್ಲಿಷಿನಲ್ಲಿ ಹೇಳಿದ. ಬಿಳಿಯರ ಮಕ್ಕಳು, ದೊಡ್ಡವರು ಎಲ್ಲ ದುಡುಂ ದುಡುಂ ಎಂದು ಧುಮುಕಿದರು. ನೀರು ತಣ್ಣಗಿರಬೇಕು, ಬಿದ್ದವರೆಲ್ಲ ಕಿರುಚುತ್ತಿದ್ದರು.

ನನಗೆ ಈಜು ಬರುವುದಿಲ್ಲ. ಏಳನೆಯ ಕ್ಲಾಸಿನಲ್ಲಿದ್ದಾಗ ನನ್ನ ಜೊತೆ ಓದುತ್ತಿದ್ದವನೊಬ್ಬ ಕೆರೆಯಲ್ಲಿ ಹೋಗಿಬಿಟ್ಟ. ಆಮೇಲೆ ನಮ್ಮಮ್ಮ ನನ್ನನ್ನು ಕೆರೆಯ ಏರಿಯ ಮೇಲೂ ನಡೆಯಗೊಡಲಿಲ್ಲ. ನಾದಿನಿಗೂ ಬರುವುದಿಲ್ಲ, ಐದು ವರ್ಷ ದ್ವೀಪದಲ್ಲಿದ್ದರೂ ಅವಳು ಮೊಣಕಾಲಿನ ಮೇಲಕ್ಕೆ ನೆನೆದವಳಲ್ಲ. ನಾವಿಬ್ಬರೂ ನೆರಳು ಹುಡುಕಿ ಕೂತೆವು. ಹೆಂಡತಿ ಎದ್ದು ನಿಂತು ದುಪ್ಪಟ್ಟಾ ತೆಗೆದು ಬೆಂಚಿನ ಮೇಲಿಟ್ಟಳು. ತಾಳಿಯನ್ನು ಕಮೀಜಿನ ಒಳಕ್ಕೆ ಸೇರಿಸಿದಳು. ಕನ್ನಡಕ ಬಿಚ್ಚಿ ನನ್ನ ಕೈಗೆ ಕೊಟ್ಟಳು.

"ಇದನ್ನ ಇಟ್ಕಳ್ರಿ."

"ಎಲ್ಲಿಗೆ?"

"ನೀರಿಗೆ."

ಏಣಿ ಹಿಡಿದುಕೊಂಡು ಕಾಲು ನೆನೆಸುತ್ತಾಳೆ ಎಂದುಕೊಂಡೆ. ಅವಳು ಮುಖ ದೋಣಿಯ ಕಡೆ ಮಾಡಿ ಒಂದೊಂದೇ ಮೆಟ್ಟಿಲು ಇಳಿದಳು. ಸೊಂಟದವರೆಗೆ ನೀರು ಬಂದಾಗ ಒಂದು ಸಲ ಉಸಿರೆಳೆದುಕೊಂಡಳು. ಆಮೇಲೆ ಏಣಿ ಬಿಟ್ಟಳು.

ನಾನು ಕೂಗಲಿಲ್ಲ. ಕೂಗುವಷ್ಟು ಹೊತ್ತು ಸಿಗಲಿಲ್ಲ ಎಂದರೆ ಸರಿ. ಅವಳು ಒಮ್ಮೆ ಮುಳುಗಿ ಮೇಲೆ ಬಂದಳು, ಕೂದಲು ಹಿಂದಕ್ಕೆ ಸವರಿಕೊಂಡಳು, ತಲೆ ನೀರಿನ ಮೇಲಿಟ್ಟುಕೊಂಡು ಎರಡೂ ಕೈಗಳಿಂದ ನೀರನ್ನು ಆಚೀಚೆ ಸರಿಸುತ್ತಾ ಹೊರಟಳು. ಸುತ್ತಲಿದ್ದವರೆಲ್ಲ ಮುಖ ಮುಳುಗಿಸಿ ತೋಳು ಎತ್ತಿ ಎತ್ತಿ ಈಜುತ್ತಿದ್ದರು. ಇವಳದು ಬೇರೆ ಥರ, ಸದ್ದೇ ಇಲ್ಲದ ಈಜು. ಪಕ್ಕದಲ್ಲಿ ನಾದಿನಿ ಎದ್ದು ನಿಂತು, "ಅಕ್ಕಾ, ವದ್ದು! ವದ್ದೇ ಅಕ್ಕಾ, ವೆನಕ್ಕಿ ರಾ!" ಎಂದು ಚೀರತೊಡಗಿದಳು. ಇವರ ತವರು ಆಂಧ್ರದ ಗಡಿಯ ಪಾವಗಡದ ಕಡೆ, ಗಾಬರಿಯಾದರೆ ಮಾತು ತೆಲುಗಿಗೆ ಜಾರುತ್ತದೆ. ಬೇಡ, ವಾಪಸು ಬಾ ಎಂದು ಅವಳು ಕೂಗುತ್ತಲೇ ಇದ್ದಳು.

ಕೊಲ್ಲಿಯ ಬಾಯಿಗೆ ಅಡ್ಡವಾಗಿ ಒಂದು ಹಗ್ಗ, ಅದಕ್ಕೆ ಕಟ್ಟಿದ ಕಿತ್ತಳೆ ಬಣ್ಣದ ತೇಲುಬುರುಡೆಗಳು. ಅದರಾಚೆ ದೋಣಿಗಳು ಓಡಾಡುತ್ತವೆ. ಅವಳು ಆ ಹಗ್ಗದ ಕಡೆಗೇ ಹೋಗುತ್ತಿದ್ದಳು. ನಾನು ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದೆ. ಆಟದ ಮೈದಾನದ ಆಚೆ ತುದಿಯಲ್ಲಿರುವ ಹುಡುಗರೂ ನಿಂತುಬಿಡುವಂಥ ಸೀಟಿ ಅದು. ದೋಣಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅವಳು ತಿರುಗಲಿಲ್ಲ. ಮುದುಕ ನನ್ನ ಹತ್ತಿರ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ಸ್ವಲ್ಪ ಹೊತ್ತು ಅವಳನ್ನೇ ನೋಡಿ, ಚೆನ್ನಾಗಿ ಈಜುತ್ತಿದ್ದಾಳೆ, ಸುಮ್ಮನೆ ಕೂರು ಎಂದ.

ಅವಳು ಹಗ್ಗ ಮುಟ್ಟಿ, ಅಲ್ಲಿಯೇ ಅಂಗಾತ ಮಲಗಿದಳು. ಕೈ ಆಡಿಸಲಿಲ್ಲ, ಕಾಲು ಆಡಿಸಲಿಲ್ಲ. ನೀರಿನ ಮೇಲೆ ಮುಖ, ಹೊಟ್ಟೆ, ಕಾಲಿನ ಬೆರಳು ಇಷ್ಟೇ ಕಾಣುತ್ತಿತ್ತು. ನನ್ನ ಕೈಯಲ್ಲಿದ್ದ ಕನ್ನಡಕದ ಗಾಜು ಬೆವರಿಗೆ ಮಂಜಾಗಿತ್ತು. ಎಷ್ಟು ಹೊತ್ತು ಹಾಗಿದ್ದಳೋ ತಿಳಿಯಲಿಲ್ಲ. ಅವಳು ವಾಪಸು ಬಂದು ಏಣಿ ಹತ್ತಿದಾಗ ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಪಕ್ಕದ ಸೀಟಿನ ಹೆಂಗಸೊಬ್ಬಳು ಚಪ್ಪಾಳೆ ತಟ್ಟಿದಳು.

ನಾನು ಟವೆಲು ಕೊಡುವ ಬದಲು ಬೈದೆ. "ವಯಸ್ಸಿಗೆ ತಕ್ಕಂಗೆ ಇರಬೇಕು. ಏನಾರ ಆಗಿದ್ರೆ ಇಲ್ಲಿ ಯಾರನ್ನ ಕೇಳ್ಬೇಕಿತ್ತು ನಾನು?"

"ಏನೂ ಆಗ್ಲಿಲ್ವಲ್ಲ, ಬುಡ್ರಿ."

"ಎಲ್ಲಿ ಕಲ್ತೆ ಇದನ್ನ?"

"ನಮ್ಮೂರ್ ಬಾವೀಲಿ."

"ಇಪ್ಪತ್ತೇಳು ವರ್ಷ ಆಯ್ತು. ಒಂದ್ ದಿನಾನೂ ಹೇಳಲಿಲ್ಲ ನೀನು."

ಅವಳು ನನ್ನ ಕೈಯಿಂದ ಕನ್ನಡಕ ತೆಗೆದುಕೊಂಡು ಹಾಕಿಕೊಂಡಳು. "ಏಳಿದ್ದೆ. ಮದುವೆಯಾದ ವರ್ಷಾನೇ ಏಳಿದ್ದೆ. ನೀವು ನಕ್ಬುಟ್ರಿ."

ದೋಣಿ ದಡದ ಕಡೆ ಹೊರಟಿತು. ನಾದಿನಿ ಅಕ್ಕನ ತಲೆ ಒರೆಸುತ್ತಾ ಕೂತಿದ್ದಳು. ನಾನು ಆ ನಗುವನ್ನು ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ. ಬದಲಿಗೆ ಇನ್ನೊಂದು ನೆನಪಾಯಿತು. ತಾಲ್ಲೂಕು ಕ್ರೀಡಾಕೂಟಕ್ಕೆ ಹೆಣ್ಣುಮಕ್ಕಳ ತಂಡ ಆರಿಸುತ್ತಿದ್ದ ಒಂದು ವರ್ಷ ಅವಳು ಊಟಕ್ಕೆ ಬಡಿಸುತ್ತಾ, ಹುಡುಗಿಯರಿಗೆ ಈಜು ಕಲಿಸಬೇಕು ಎಂದಿದ್ದಳು. ನೀರೆಲ್ಲಿದೆ ನಮ್ಮ ಕಡೆ ಎಂದು ಹೇಳಿ ನಾನು ಸಾರು ಹಾಕಿಸಿಕೊಂಡಿದ್ದೆ. ಅಷ್ಟು ನೆನಪಿದೆ.

ಮರುದಿನ ನಾದಿನಿಗೆ ಡ್ಯೂಟಿ. ನಾವಿಬ್ಬರೇ ಬಸ್ಸು ಹಿಡಿದು ದ್ವೀಪದ ಪಶ್ಚಿಮದ ಬಂಡೆಗಳ ಕಡೆ ನಡೆಯಲು ಹೋದೆವು. ನೆಲ ಥಟ್ಟನೆ ಮುಗಿದು, ಕೆಳಗೆ ನೂರಾರು ಅಡಿ ಪ್ರಪಾತ, ಅದರ ಬುಡದಲ್ಲಿ ಸಮುದ್ರ. ಕಾಲುದಾರಿಯ ಪಕ್ಕದಲ್ಲಿ ಯಾರೋ ರೈತನ ಹುರುಳಿಕಾಯಿ ಸಾಲು. ಇಂಥ ಜಾಗದಲ್ಲಿ ನನಗೆ ಧೈರ್ಯ. ನಾನು ಅಂಚಿನ ಹತ್ತಿರ ನಡೆದೆ, ಅವಳು ಒಳಬದಿಯಲ್ಲಿ ನಡೆದಳು. ಒಂದು ಕಲ್ಲಿನ ಮೇಲೆ ಕೂತು ಕಡ್ಲೆಕಾಯಿ ತಿನ್ನುವಾಗ ಅವಳಾಗಿಯೇ ಮಾತು ತೆಗೆದಳು.

ಅವಳ ಅಪ್ಪನ ಹೊಲ ಪಾವಗಡದ ತಿರುಮಣಿಯ ಬಳಿ. ಹೊಲದಲ್ಲಿ ಅಗಲವಾದ ತೆರೆದ ಬಾವಿ, ಒಳಕ್ಕೆ ಇಳಿಯಲು ಕಲ್ಲುಚಪ್ಪಡಿಯ ಮೆಟ್ಟಿಲು. ಒಣಗಿದ ಕತ್ತಾಳೆ ಬೊಂಬಿನ ತುಂಡುಗಳನ್ನು ಅವಳ ಅಣ್ಣ ಅವಳ ಬೆನ್ನಿಗೆ ಕಟ್ಟಿ ತಳ್ಳಿದನಂತೆ. ಆ ಹಗುರ ಬೆಂಡು ತೇಲುತ್ತದೆ, ಅದನ್ನು ಕಟ್ಟಿಕೊಂಡವರೂ ತೇಲುತ್ತಾರೆ. ವಾರಕ್ಕೊಂದು ತುಂಡು ತೆಗೆಯುತ್ತಾ ಬಂದು ಕೊನೆಗೆ ಒಂದೂ ಇಲ್ಲದೆ ಈಜುವುದು. ಮೋಟಾರಿನ ಮನೆಯ ಗೋಡೆಯ ಮೇಲಿಂದ ಧುಮುಕಿ ತಳದ ಮಣ್ಣು ತರುವುದರಲ್ಲಿ ಅಣ್ಣಂದಿರನ್ನೂ ಸೋಲಿಸುತ್ತಿದ್ದಳಂತೆ.

"ಆಮೇಲೆ?"

"ಆಮೇಲೆ ದೊಡ್ಡೋಳಾದೆ. ಬಾವಿ ಕಡೆ ಓಗ್ಬೇಡ ಅಂದ್ರು ಅಪ್ಪ. ಅಣ್ಣಂದಿರು ಧುಮುಕೋ ಸದ್ದು ಅಂಗಳಕ್ಕೆ ಕೇಳೋದು. ನಾನು ಅಲ್ಲೇ ಕಡ್ಲೆಕಾಯಿ ಬಿಡಿಸ್ತಾ ಕೂತಿರ್ತಿದ್ದೆ."

"ಬೇಜಾರಾಗ್ತಿರಲಿಲ್ವಾ?"

"ಆಗ್ತಿತ್ತು." ಅವಳು ಸಿಪ್ಪೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು, ಹೊರಗೆ ಎಸೆಯಬಾರದೆಂದು ತಂಗಿ ಹೇಳಿದ್ದಳು. "ನಮ್ ತಂಗಿ ಉಟ್ಟಿ ನಡಿಯೋ ಒತ್ಗೆ ಬಾವಿ ಬತ್ತೋಯ್ತು. ಅದಕ್ಕೇ ಅವಳಿಗೆ ಈಜು ಬರಾಕಿಲ್ಲ."

ಆ ಹೊಲ ಈಗ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ. ಬಾವಿಯಿದ್ದ ಕಡೆಯೂ ಕಪ್ಪು ಹಲಗೆಗಳ ಸಾಲು ನಿಂತಿದೆ. ಅದನ್ನು ಅವಳು ಹೇಳಲಿಲ್ಲ, ನನಗೇ ಗೊತ್ತಿತ್ತು. ಬೈದದ್ದು ತಪ್ಪಾಯಿತು ಎಂದೆ. ಅವಳು ಕೇಳಿಸಿಕೊಂಡಳು. ನಾಳೆ ಮರಳಿರುವ ಕಡೆ ಹೋಗೋಣ, ನನ್ನ ತಂಗಿಗೆ ಕಲಿಸುತ್ತೇನೆ, ಬೇಕಾದರೆ ನೀವೂ ಬನ್ನಿ ಎಂದಳು.

ಹೀಗೆ ನಮ್ಮ ರಜೆಯ ಉಳಿದ ದಿನಗಳು ನೀರಿನಲ್ಲಿ ಹೋದವು. ಉತ್ತರದ ಒಂದು ಕಡಲತೀರದಲ್ಲಿ ನೂರು ಹೆಜ್ಜೆ ನಡೆದರೂ ನೀರು ಸೊಂಟ ದಾಟುವುದಿಲ್ಲ. ಅವಳು ನೀರಿನಲ್ಲಿ ನಿಂತು, ಮಲಗಿದ ತಂಗಿಯ ಬೆನ್ನಿನ ಕೆಳಗೆ ಅಂಗೈ ಹಿಡಿಯುತ್ತಿದ್ದಳು. "ಕತ್ತು ಸಡಿಲ ಬುಡು. ಕತ್ತು ಬಿಗಿ ಇಡುದ್ರೆ ಮುಳುಗ್ತೀಯ. ಮ್ಯಾಕೆ ನೋಡು, ಮ್ಯಾಕೆ." ಅರ್ಧ ಕನ್ನಡ, ಅರ್ಧ ತೆಲುಗು. ಎರಡನೆಯ ದಿನ ಅವಳು ಅಂಗೈ ತೆಗೆದದ್ದು ತಂಗಿಗೆ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಅವಳು ಚಿಕ್ಕ ಹುಡುಗಿಯಂತೆ ಅಕ್ಕನ ಕೊರಳಿಗೆ ಬಿದ್ದು ಇಬ್ಬರೂ ಮುಳುಗಿ ಎದ್ದರು.

ನನ್ನ ಸರದಿಯಲ್ಲಿ ಅಷ್ಟು ಸುಲಭವಾಗಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಎದೆ ಮುಂದೆ, ಬೆನ್ನು ನೇರ ಎಂದು ಹೇಳಿದವನ ಮೈ ಸಡಿಲವಾಗುವುದಿಲ್ಲ. ಕಿವಿಗೆ ನೀರು ಮುಟ್ಟಿದ ಕೂಡಲೇ ಸೊಂಟ ಮಡಚಿ ಕೂತುಬಿಡುತ್ತಿದ್ದೆ. ಒಂದು ಮಧ್ಯಾಹ್ನ ಬಾಡಿಗೆಯ ಚಿಕ್ಕ ಹುಟ್ಟುದೋಣಿಯಲ್ಲಿ ನಾನೂ ನಾದಿನಿಯೂ ಕೂತೆವು, ಅದು ಮಗುಚಿತು. ತೇಲಿಸುವ ಲೈಫ್ ಜಾಕೆಟ್ಟು ಹಾಕಿಕೊಂಡಿದ್ದೆ, ಆದರೂ ಉಪ್ಪುನೀರು ಕುಡಿದು, ಕೈಕಾಲು ಬಡಿದು, ಇನ್ನು ಮುಗಿಯಿತು ಎಂದುಕೊಂಡೆ. ದಡದ ಕಡೆಯಿಂದ ಹೆಂಡತಿಯ ದನಿ ಬಂತು.

"ರೀ, ಎದ್ ನಿಂತ್ಕಳ್ರಿ! ತೊಡೆ ಮಟ್ಟ ಐತೆ ನೀರು!"

ಎದ್ದು ನಿಂತೆ. ತೊಡೆಯ ಮಟ್ಟವೇ ಇತ್ತು. ನಾದಿನಿ ಆಗಲೇ ನಿಂತು ದೋಣಿ ಹಿಡಿದುಕೊಂಡು, "ಬಾವಾ, ಸಾರಿ" ಎನ್ನುತ್ತಾ ನಗು ತಡೆಯಲಾರದೆ ಒದ್ದಾಡುತ್ತಿದ್ದಳು. ನನಗೂ ನಗು ಬಂತು, ಸ್ವಲ್ಪ ತಡವಾಗಿ. ಕೊನೆಯ ದಿನ ಅಂಗಾತ ಮಲಗಿ ಹತ್ತು ಎಣಿಸುವಷ್ಟು ಹೊತ್ತು ತೇಲಿದೆ ಎಂದು ಹೆಂಡತಿ ಹೇಳಿದಳು. ಅವಳ ಅಂಗೈ ನನ್ನ ಬೆನ್ನಿನ ಕೆಳಗೆ ಇತ್ತೋ ಇರಲಿಲ್ಲವೋ ನನಗೆ ಈಗಲೂ ಖಚಿತವಿಲ್ಲ. ಅವಳು ಇರಲಿಲ್ಲ ಎನ್ನುತ್ತಾಳೆ.

ಊರಿಗೆ ಬಂದ ಮೇಲೆ ಒಂದು ತಿಂಗಳು ಆ ಮಾತೇ ಬರಲಿಲ್ಲ. ಶಾಲೆ ಶುರುವಾಗಿತ್ತು. ಒಂದು ಭಾನುವಾರ ಬೆಳಗ್ಗೆ ಅವಳು ಚೀಲ ಹಿಡಿದು ಹೊರಟು ನಿಂತಳು. ತುಮಕೂರಿನಲ್ಲಿ ಈಜುಕೊಳವಿದೆ, ಹೆಂಗಸರಿಗೆ ಬೇರೆ ಸಮಯವಿದೆ, ಫೋನ್ ಮಾಡಿ ವಿಚಾರಿಸಿದ್ದೇನೆ ಎಂದಳು. ನಾನೂ ಬಸ್ಸು ಹತ್ತಿದೆ. ಕೊಳದ ಬಾಗಿಲಲ್ಲಿ ಕೂತಿದ್ದವನು, ಹೆಂಗಸರ ಹೊತ್ತಿನಲ್ಲಿ ಗಂಡಸರನ್ನು ಒಳಗೆ ಬಿಡುವುದಿಲ್ಲ, ಮೇಷ್ಟ್ರಾದರೂ ಅಷ್ಟೇ ಎಂದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಈಗ ತಿಂಗಳಿಗೆ ಎರಡು ಭಾನುವಾರ ಹೋಗುತ್ತೇವೆ. ನಾನು ಎದುರಿನ ಬೇಕರಿಯಲ್ಲಿ ಪೇಪರು ಓದುತ್ತಾ ಕೂರುತ್ತೇನೆ. ಅವಳ ಜೊತೆಗೆ ಈಗ ನಮ್ಮ ಬೀದಿಯ ಟೈಲರಮ್ಮ ಒಬ್ಬರು ಬರುತ್ತಾರೆ, ಅವರಿಗೂ ಕಲಿಸುತ್ತಿದ್ದಾಳಂತೆ. ಒಳಗಿನಿಂದ ಹೆಂಗಸರ ನಗು, ನೀರಿನ ಸದ್ದು ರಸ್ತೆಯವರೆಗೆ ಬರುತ್ತದೆ, ಏನೂ ಕಾಣುವುದಿಲ್ಲ. ಒಂದು ಗಂಟೆಯ ಮೇಲೆ ಇಬ್ಬರೂ ಒದ್ದೆ ಜಡೆ ಹಿಂಡಿಕೊಳ್ಳುತ್ತಾ ರಸ್ತೆ ದಾಟಿ ಬರುತ್ತಾರೆ. ಟೈಲರಮ್ಮನಿಗೆ ಟೀ, ಇವಳಿಗೆ ಬಿಸಿ ಹಾಲು ಹೇಳುತ್ತೇನೆ.